ನಕ್ಷೆಯ ಕೆಂಪು ಗದ್ದೆ

ಉಪಗ್ರಹ ತೆಗೆದ ಚಿತ್ರಗಳನ್ನು ವರ್ಷಗಟ್ಟಲೆ ನೋಡಿ ಅವಳು ಸಿದ್ಧಪಡಿಸಿದ ನಕ್ಷೆಯಲ್ಲಿ, ಹೊಳೆಬಾಯಿಯ ಆ ಗದ್ದೆ ಬಯಲಿಗೆ ಕೆಂಪು ಬಣ್ಣವಿತ್ತು. ಕೆಂಪು ಎಂದರೆ ಸದ್ಯದಲ್ಲೇ ಕಡಲು ನುಂಗುವ ನೆಲ. ತನ್ನ ಲೆಕ್ಕ ಸುಳ್ಳಾಗಲಿ ಎಂದುಕೊಳ್ಳುತ್ತಲೇ ಅವಳು ಈ ಮಳೆಗಾಲ ಅಲ್ಲಿಗೆ ಬಂದಳು. ಭತ್ತದ ಸಸಿ ಇರಬೇಕಾದಲ್ಲಿ ಉಪ್ಪುನೀರು ನಿಂತಿತ್ತು.

ಕಚೇರಿಯಿಂದ ಫೋನು ಬಂತು. "ಲೆಕ್ಕ ಸರಿಯಾಯ್ತಾ?"

"ಆಯ್ತು."

"ವಾಹ್!"

ಅವಳು ಫೋನು ಕಟ್ ಮಾಡಿ, ಪಕ್ಕದಲ್ಲಿ ನಿಂತಿದ್ದ ಗದ್ದೆಯ ಯಜಮಾನ ಹಮ್ಮಣ್ಣನ ಕಡೆ ತಿರುಗಿದಳು. "ತಪ್ಪು ನನ್ನದೇ. ಇನ್ನೂ ಮೊದಲೇ ಎಚ್ಚರಿಸಬೇಕಿತ್ತು. ನೀವು ಏನಾದರೂ ಮಾಡ್ಕೊಳ್ತಿದ್ರಿ."

"ಹಂಗೆಲ್ಲ ಹೇಳ್ಬೇಡಿ ಮೇಡಂ. ಹೋದ ವರ್ಷವೇ ನಿಮ್ಮ ನಕ್ಷೆ ಪಂಚಾಯ್ತಿ ಗೋಡೆಗೆ ಅಂಟ್ಸಿದ್ರು. ಊರವ್ರೆಲ್ಲ ನೋಡಿದ್ದೇವೆ."

ಅವನ ಸಮಾಧಾನದ ಮಾತು ಅವಳನ್ನು ಇನ್ನಷ್ಟು ಚುಚ್ಚಿತು.

"ಉಪ್ಪುನೀರು ತಡೀತಿದ್ದ ಹೊಳೆಯ ಒಡ್ಡು ಯಾವಾಗ ಒಡೀತು?"

"ಅದು ಪ್ರತಿ ಮಳೆಗಾಲ ಅಲ್ಲಲ್ಲಿ ಒಡೀತದೆ. ನಮ್ಮಜ್ಜನ ಕಾಲದಿಂದ್ಲೂ ಹಂಗೇ. ಬೇಸಿಗೇಲಿ ಮನೆಗೊಬ್ರಂತೆ ಬಂದು, ಮಣ್ಣು ಹೊತ್ತು ಹಾಕಿ, ಮತ್ತೆ ಕಟ್ತಿದ್ರು."

"ಮತ್ತೆ ಈ ಬೇಸಿಗೇಲಿ?"

ಹಮ್ಮಣ್ಣ ನೀರಿನ ಕಡೆ ನೋಡುತ್ತ, ತಾನೇ ತಪ್ಪು ಮಾಡಿದವನಂತೆ ತಲೆ ಕೆರೆದುಕೊಂಡ.

"ನಾನೊಬ್ನೇ ಬುಟ್ಟಿ ಹಿಡ್ಕೊಂಡು ಹೋಗಿ ನಿಂತಿದ್ದೆ. ನಿಮ್ಮ ನಕ್ಷೆ ನೋಡಿದ್ಮೇಲೆ, ಮುಳುಗೋ ಗದ್ದೆಗೆ ಮಣ್ಣು ಹೊರೂಕೆ ಯಾರು ಬರ್ತಾರೆ ಮೇಡಂ?"