ಕಮಾನಿನ ಕೆಳಗೆ

ಮೇಸ್ತ್ರಿ ಹೊಸ ಕಮಾನಿಗೆ ಆಧಾರ ಕೊಟ್ಟಿದ್ದ ಮರದ ಕಂಬಗಳನ್ನೆಲ್ಲ ತೆಗೆದಿದ್ದ. ಉಳಿದದ್ದು ಒಂದೇ ಒಂದು. ಅದನ್ನು ಬೀಳಿಸುವಾಗ ನಕ್ಷೆ ಬರೆದವರೇ ಕಮಾನಿನ ಕೆಳಗೆ ನಿಲ್ಲಬೇಕು ಎಂಬುದು ಆ ವಿಶ್ವವಿದ್ಯಾಲಯದ ಪದ್ಧತಿ. ಅಲ್ಲಿನ ಚೆಂದದ ಕಮಾನುಗಳೆಲ್ಲ ಹೀಗೇ ಎದ್ದು ನಿಂತಿದ್ದವು. ಇಂದು ‘ಕಡ್ಡಿ’ ಎಂಬ ಸಣಕಲು ವಿದ್ಯಾರ್ಥಿನಿಯ ಸರದಿ.

“ಏ ಕಡ್ಡಿ, ಬಿದ್ರೂ ನಿಂಗೇನಾಗಲ್ಲ ಬಿಡೇ, ಇಟ್ಟಿಗೆ ಸಂದೀಲಿ ನುಸುಳ್ತೀಯ!” ಗೆಳತಿಯರು ದೂರದಿಂದ ಕೂಗಿದರು. ಅವಳಿಗೆ ನಗು ಬರಲಿಲ್ಲ. ಹೆಗಲ ಮೇಲೆ ಗಾರೆಯ ಪುಡಿ ಉದುರಿತು. ಓಡಬೇಕೆಂದು ಕಾಲೆತ್ತಿದಾಗ ಯಾರೋ ಪಕ್ಕಕ್ಕೆ ಬಂದು ಕೈ ಹಿಡಿದರು. ಪಾಠ ಹೇಳುವ ಮೇಡಂ!

“ನೀವ್ಯಾಕೆ ಬಂದ್ರಿ ಮೇಡಂ?”

“ನಕ್ಷೆ ಸರಿಯಿದೆ ಅಂದೋಳು ನಾನಲ್ವೇನೇ? ಹೊಡಿಯಪ್ಪಾ ಮೇಸ್ತ್ರಿ.”

ಕೊನೆಯ ಕಂಬಕ್ಕೆ ಸುತ್ತಿಗೆಯ ಪೆಟ್ಟು ಬಿತ್ತು. ಕಮಾನು ಲಟಕ್ಕೆಂದು ಕೂತು, ಅಲುಗದೆ ನಿಂತಿತು. ಚಪ್ಪಾಳೆಯ ನಡುವೆ ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. ಮೇಡಂ ಇನ್ನೂ ಕಣ್ಣು ಬಿಟ್ಟಿರಲಿಲ್ಲ.