ಮಾವನ ಎಡಗೈ

ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಹೆಬ್ಬೆರಳು ತಾನಾಗಿ ತೋರುಬೆರಳ ತುದಿಯನ್ನು ಸವರುತ್ತದೆ.

ಸೋದರಮಾವ ಬರ್ಮಾದ ಯುದ್ಧದಿಂದ ಸಮೇತನಹಳ್ಳಿಯ ನಮ್ಮ ಮನೆಗೆ ಬಂದಾಗ ಅವನ ಎಡಗೈಯಲ್ಲಿ ಬೆರಳುಗಳಿರಲಿಲ್ಲ. ಬಲಗೈಯಲ್ಲಿ ಒಂದು ಗಿಟಾರ್ ಇತ್ತು. ಕ್ಯಾಂಪಿನಲ್ಲಿ ಅಮೆರಿಕದ ಕಪ್ಪು ಸಿಪಾಯಿಯೊಬ್ಬ ಅವನಿಗೆ ಬ್ಲೂಸ್ ಎಂಬ ತಮ್ಮ ಜನರ ದುಃಖದ ಹಾಡೊಂದರಲ್ಲಿ ಗಿಟಾರ್ ಒಂದೇ ನುಡಿಯುವ ಭಾಗವನ್ನು ಕಲಿಸಿದ್ದನಂತೆ. ಆ ಸಿಪಾಯಿಯನ್ನು ಕೊಂದ ಅದೇ ಬಾಂಬು ಮಾವನ ಬೆರಳುಗಳನ್ನೂ ತೆಗೆದಿತ್ತು.

ನನಗಾಗ ಒಂಬತ್ತು. ಒಂದು ಮಧ್ಯಾಹ್ನ ಮಾವ ನನ್ನನ್ನು ಗೂಡು ಬೇಯುವ ಬಾಣಲೆಯ ಮುಂದಿನಿಂದ ಎಬ್ಬಿಸಿ ಜಗಲಿಗೆ ಕರೆದ. ನಾನು ತಂತಿ ಒತ್ತುವುದು, ಅವನು ಮೀಟುವುದು. ಬಾಯಲ್ಲಿ ಹಾಡಿ ಹಾಡಿ ಜಾಗ ತೋರಿಸಿದ. ಒಂದು ಕಡೆ ಮಾತ್ರ ತಂತಿಯನ್ನು ಒತ್ತಿ ಹಿಡಿದೇ ಮೇಲಕ್ಕೆ ತಳ್ಳಬೇಕಿತ್ತು.

"ಅಲ್ಲಿ ಅದು ಅಳ್ಬೇಕು ಕಣವ್ವಾ. ಇನ್ನೊಸಿ ತಳ್ಳು."

ಬೆಳಗಿನಿಂದ ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿದ ತೋರುಬೆರಳು ಬೆಂದ ಕಡಲೆಯಂತೆ ಮೆತ್ತಗಾಗಿತ್ತು. ಮೂರನೆಯ ಸಲಕ್ಕೆ ಉಕ್ಕಿನ ತಂತಿ ಚರ್ಮದೊಳಗೆ ಇಳಿಯಿತು.

ಅಮ್ಮ ಓಡಿ ಬಂದು ನನ್ನ ಕೈ ಕಸಿದುಕೊಂಡಳು. "ಏನ್ಲಾ ಮಾಡ್ದೆ? ಈ ಬೆರಳಲ್ಲಿ ಮುಟ್ಟಿದ್ರೆ ನೂಲೆಲ್ಲ ಕೆಂಪಾಯ್ತದೆ. ನಾಳೆ ಯಾರು ತೆಗೀತಾರೆ?"

"ಒಂದ್ಸಲ ಪೂರ್ತಿ ಕೇಳ್ಬೇಕಿತ್ತು ಕಣಕ್ಕಾ. ನಂಗೂ ಮರ್ತೋಯ್ತಾ ಐತೆ," ಅಂದ ಮಾವ.

ಅಮ್ಮ ಅರಿಶಿನ ಮೆತ್ತಿ ಬಟ್ಟೆ ಸುತ್ತುವಷ್ಟರಲ್ಲಿ ಅವನು ಒಂದೇ ಕೈಯಲ್ಲಿ ತಂತಿಗಳನ್ನೆಲ್ಲ ಬಿಚ್ಚಿ ಅವಳ ಮುಂದಿಟ್ಟ. "ಚಂದ್ರಂಕಿ ಕಟ್ಟು ಬಿಟ್ಟೈತಲ್ಲ, ಇದ್ರಲ್ಲಿ ಬಿಗ್ಕೋ."

ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟೆ ಮತ್ತೆ ಗಟ್ಟಿಯಾಯಿತು. ನನ್ನ ಗಾಯವೂ ನಾಲ್ಕೇ ದಿನಕ್ಕೆ ಮಾಯಿತು. ಮಾವ ಎದುರಾದಾಗಲೆಲ್ಲ, ಮಾಯ್ದದ್ದು ಅವನಿಗೆ ಕಾಣದಂತೆ, ಆ ಬೆರಳನ್ನು ಲಂಗದ ನೆರಿಗೆಯೊಳಗೆ ಮುಚ್ಚಿಕೊಳ್ಳುತ್ತಿದ್ದೆ.