ಕಾರ್ಡಿನ ಹೂಳು

"ಈ ಮೆಮೊರಿ ಕಾರ್ಡ್ ಹಾಕಿದ್ರೆ ಸಾಕು, ಫೋನು ಹ್ಯಾಂಗ್ ಆಗುತ್ತೆ ಕಣಯ್ಯಾ. ನಾನು ಕೆರೆ ಹೂಳೆತ್ತಿಸಿದ ಫೋಟೊಗಳೆಲ್ಲಾ ಇದ್ರಲ್ಲೇ ಇವೆ. ನಾಳೆ ಅಧಿಕಾರಿಗಳು ತನಿಖೆಗೆ ಬರ್ತಾರೆ," ಎಂದು ಪಂಚಾಯ್ತಿ ಮೆಂಬರು ಶಲ್ಯದಿಂದ ಕಣ್ಣೊರೆಸಿಕೊಂಡರು.

ಕಾರ್ಡಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ರಿಪೇರಿ ಅಂಗಡಿಯವನು ಅದನ್ನು ರಬ್ಬರಿನಿಂದ ತಿಕ್ಕಿ, ತನ್ನ ಫೋನಿಗೆ ಹಾಕಿದ.

"ಪಾಪ, ನೀನಾದ್ರೂ ಏನ್ಮಾಡ್ತೀಯ? ಹಾಳಾಗಿದೆ ಅಂತ ಸೀಲು ಹಾಕಿ ಬರ್ಕೊಡು, ಸಾಕು."

"ಇರಿ ಸಾರ್... ಬಂತು! ಒಂದು ಫೋಟೊನೂ ಹೋಗಿಲ್ಲ. ಎಲ್ಲಾ ನಿಮ್ಮ ಹುಟ್ಟುಹಬ್ಬದ್ದೇ. ಕೆರೆ ಮಾತ್ರ ಎಲ್ಲೂ ಕಾಣ್ತಿಲ್ಲ."

ಮೆಂಬರು ತಲೆ ಮೇಲೆ ಕೈ ಹೊತ್ತು ಕುಳಿತರು.

"ಹೆಂಗಯ್ಯಾ ಬಂತು? ಎರಡು ದಿನ ಉಪ್ಪುನೀರಲ್ಲಿ ನೆನೆಹಾಕಿದ್ದೆ!"